ಹಣ್ಣಿನ ನೊಣ ಹೇಳಿದ ನರಕೋಶದ ಚರಿತ್ರೆ

ವಿಜ್ಞಾನದ ಚರಿತ್ರೆಯೆಂದರೆ ದೊಡ್ಡ ದೊಡ್ಡ ಯಂತ್ರಗಳ ಕಥೆ ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಆದರೆ ಕೊಲ್ಲಮೊಗ್ರಿನ ಮನೆಗಳಲ್ಲಿ ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣಕ್ಕೂ ಆ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. ಅದರೊಂದಿಗೆ ಪ್ರೊ. ಒಬೈದ್ ಸಿದ್ದೀಕಿ ಎಂಬ ಮಹನೀಯರ ಹೆಸರೂ ಸೇರಿಕೊಂಡಿದೆ.

1932ರಲ್ಲಿ ಉತ್ತರ ಪ್ರದೇಶದ ಬಸ್ತಿಯಲ್ಲಿ ಜನಿಸಿದ ಸಿದ್ದೀಕಿಯವರು ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿದರು. ಮೊದಲು ಗೋಧಿಯ ಮೇಲೆ ಸಂಶೋಧನೆಗೆ ತೊಡಗಿದರು. ಆಲಿಕಲ್ಲು ಮಳೆಗೆ ಅವರ ಪ್ರಯೋಗದ ಬೆಳೆಯೆಲ್ಲ ನಾಶವಾಯಿತು. ಅವರು ಎದೆಗುಂದಲಿಲ್ಲ. ಗ್ಲಾಸ್ಗೋಗೆ ತೆರಳಿ ಪಾಂಟೆಕೊರ್ವೊ ಅವರ ಬಳಿ ತಳಿಶಾಸ್ತ್ರ ಕಲಿತರು. 1962ರಲ್ಲಿ ಹೋಮಿ ಭಾಭಾ ಅವರ ಆಹ್ವಾನದಂತೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನ ವಿಭಾಗವನ್ನು ಕಟ್ಟಿದರು.

1970ರ ದಶಕದಲ್ಲಿ ಅವರು ಅಮೆರಿಕದ ಸೀಮೋರ್ ಬೆಂಜರ್ ಅವರೊಂದಿಗೆ, ಬಿಸಿ ತಾಗಿದರೆ ಪಾರ್ಶ್ವವಾಯು ಬಡಿದಂತೆ ಬೀಳುವ ನೊಣಗಳನ್ನು ಅಭ್ಯಸಿಸಿದರು. 1976ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ 'ಕೊಮಟೋಸ್' ಎಂಬ ನೊಣದ ವರ್ಣನೆಯಿದೆ. ಇಂಥದೇ ಇನ್ನೊಂದು ನೊಣ 'ಶಿಬಿರೆ'. ಜಪಾನಿ ಭಾಷೆಯಲ್ಲಿ ಮರಗಟ್ಟುವುದು ಎಂದರ್ಥ. ಸುಮಾರು 30 ಡಿಗ್ರಿ ಶಾಖದಲ್ಲಿ ಅದು ಮರಗಟ್ಟುತ್ತದೆ. ತಂಪಾದರೆ ಮತ್ತೆ ಎದ್ದು ನಡೆಯುತ್ತದೆ.

ಹೀಗೇಕೆ? ಅಡಿಕೆ ಮಾರಿದ ಮೇಲೆ ಖಾಲಿ ಗೋಣಿಗಳನ್ನು ಮನೆಗೆ ತಂದು ಮತ್ತೆ ತುಂಬಿಸುವುದನ್ನು ನಾವು ಬಲ್ಲೆವು. ನರಕೋಶವೂ ಸಂದೇಶದ ರಾಸಾಯನಿಕವನ್ನು ಪೊರೆಯ ಪುಟ್ಟ ಚೀಲಗಳಲ್ಲಿ ತುಂಬಿ ತುದಿಯಲ್ಲಿ ಸುರಿಯುತ್ತದೆ. ಆಗ ಚೀಲವು ಕೋಶದ ಹೊರಪೊರೆಯಲ್ಲಿ ಬೆರೆತುಹೋಗುತ್ತದೆ. ಆ ಪೊರೆಯನ್ನು ಮರಳಿ ಒಳಗೆಳೆದು ಹೊಸ ಚೀಲ ಮಾಡಬೇಕು. ಚೀಲದ ಕುತ್ತಿಗೆಯನ್ನು ಬಿಗಿದು ಕತ್ತರಿಸುವ ಪ್ರೋಟೀನು ಡೈನಮಿನ್. ಶಿಬಿರೆಯಲ್ಲಿ ಕೆಟ್ಟಿರುವುದು ಇದೇ ಎಂದು 1991ರಲ್ಲಿ ತಿಳಿಯಿತು. ಗೋಣಿ ಮರಳದೆ ವ್ಯಾಪಾರ ನಿಂತಿತ್ತು!

ಇನ್ನೂ ಅಚ್ಚರಿಯ ಸಂಗತಿಯಿದೆ. ಬೆಳವಣಿಗೆಯ ಹಂತದಲ್ಲಿ ಶಿಬಿರೆಗೆ ಬಿಸಿ ತಾಗಿಸಿದರೆ ನರಕೋಶಗಳು ಮಿತಿಮೀರಿ ಹುಟ್ಟುತ್ತವೆಂದು 1990ರಲ್ಲಿ ಪ್ರಕಟವಾಯಿತು. ಸಾಮಾನ್ಯವಾಗಿ ನರಕೋಶವಾಗಲಿರುವ ಒಂದು ಕೋಶವು ನೆರೆಯ ಕೋಶಗಳನ್ನು ಹಾಗಾಗದಂತೆ ತಡೆಯುತ್ತದೆ. 'ನಾಚ್' ಎಂಬ ಪ್ರೋಟೀನಿನ ಮೂಲಕ ಸಾಗುವ ಈ ಸಂದೇಶಕ್ಕೂ ಪೊರೆಯನ್ನು ಒಳಗೆಳೆಯುವ ಕೆಲಸ ನಡೆಯಲೇಬೇಕು. ಅದು ನಿಂತರೆ ತಡೆಯೂ ಇಲ್ಲ. ಅಂದರೆ ಪೊರೆಯ ಮರುಬಳಕೆ ನರಕೋಶದ ದಿನನಿತ್ಯದ ಕೆಲಸ ಮಾತ್ರವಲ್ಲ, ಯಾವ ಕೋಶ ನರಕೋಶವಾಗಬೇಕೆಂಬುದನ್ನೂ ನಿರ್ಧರಿಸುತ್ತದೆ.

ಸಿದ್ದೀಕಿಯವರ ಬಳಗದ ಕೆ.ಎಸ್. ಕೃಷ್ಣನ್ ಅವರು ಮಣಿ ರಾಮಸ್ವಾಮಿ ಮತ್ತು ಸಂಗಡಿಗರೊಂದಿಗೆ 1994ರಲ್ಲಿ ಶಿಬಿರೆಯ ಚೀಲಗಳು ಮರಳುವ ಬಗೆಯನ್ನು ಬಣ್ಣ ಹಾಕಿ ತೋರಿಸಿದರು. ಕೊಮಟೋಸ್‌ನಲ್ಲಿ ಕೆಟ್ಟಿರುವುದು ಎನ್‌ಎಸ್‌ಎಫ್ ಎಂಬ ಪ್ರೋಟೀನು ಎಂದು 1995ರಲ್ಲಿ ಗೊತ್ತಾಯಿತು. ಕೋಶದೊಳಗಿನ ಚೀಲಗಳ ಸಂಚಾರಕ್ಕೆ ಬೇಕಾದ ಈ ಪ್ರೋಟೀನನ್ನು ಕಂಡುಹಿಡಿದವರು ರಾತ್‌ಮನ್ ಬಳಗದವರು. ಈ ಸಂಚಾರದ ಸಂಶೋಧನೆಗಾಗಿ ರಾತ್‌ಮನ್ ಹಾಗೂ ಇನ್ನಿಬ್ಬರಿಗೆ 2013ರಲ್ಲಿ ನೊಬೆಲ್ ಬಂತು. ಅದೇ ವರ್ಷದ ಜುಲೈ 26ರಂದು ಸಿದ್ದೀಕಿಯವರು ಬೆಂಗಳೂರಿನಲ್ಲಿ ನಿಧನರಾಗಿದ್ದರು. ಅವರು ಸ್ಥಾಪಿಸಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿದೆ.

ಮನುಷ್ಯರಲ್ಲಿ ಡೈನಮಿನ್‌ನ ದೋಷದಿಂದ ಎಳೆಯ ಮಕ್ಕಳಿಗೆ ತೀವ್ರ ಅಪಸ್ಮಾರ ಬರಬಹುದೆಂದು ಇಂದು ತಿಳಿದಿದೆ. ಅಂದು ನೊಣ ಎಣಿಸುತ್ತಾ ಕುಳಿತವರ ಶ್ರಮ ಇಂದು ವೈದ್ಯರಿಗೆ ದಾರಿ ತೋರುತ್ತಿದೆ.

ಪ್ರೀತಿಯ ವಿದ್ಯಾರ್ಥಿಗಳೇ, ಒಂದು ಬೆಳೆ ಆಲಿಕಲ್ಲಿಗೆ ಸಿಕ್ಕಿತೆಂದು ಸಿದ್ದೀಕಿಯವರು ಓದು ಬಿಡಲಿಲ್ಲ. ಒಂದು ಪರೀಕ್ಷೆಯಲ್ಲಿ ಎಡವಿದ ಮಾತ್ರಕ್ಕೆ ನಾವೂ ಬಿಡದಿರೋಣ.