ನಾಗರಿಕ ಸಂಘಟನೆಗಳು: ಕ್ಯಾಸಂಬಳ್ಳಿ ಮತ್ತು ಚಿನ್ನದ ಗಣಿ ಸೀಮೆ

ಸರ್ಕಾರಕ್ಕೂ ವ್ಯಾಪಾರಕ್ಕೂ ಸೇರದೆ ಜನರೇ ಕೂಡಿ ಕಟ್ಟಿಕೊಳ್ಳುವ ಸಂಘಗಳಿಗೆ ಒಂದೊಂದು ದೇಶದಲ್ಲಿ ಒಂದೊಂದು ಹುಟ್ಟು. ಇಂಗ್ಲೆಂಡಿನಲ್ಲಿ 1601ರ ಧರ್ಮದತ್ತಿ ಕಾಯಿದೆ, ಭಾರತದಲ್ಲಿ 1860ರ ಸಂಘಗಳ ನೋಂದಣಿ ಕಾಯಿದೆ ಅವಕ್ಕೆ ಬುನಾದಿ. ಕೋಲಾರದ ಚಿನ್ನದ ಗಣಿಯಲ್ಲಿ (ಕೆ.ಜಿ.ಎಫ್) ಈ ಚರಿತ್ರೆ ದಾನಿಗಳಿಂದಲ್ಲ, ಕಾರ್ಮಿಕರ ಮನೆಸಾಲುಗಳಾದ ಕೂಲಿ ಲೈನುಗಳಿಂದ ಶುರುವಾಗುತ್ತದೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗೆ ಕೈಹಾಕಿದ ಮೇಲೆ ತಮಿಳು ಜಿಲ್ಲೆಗಳ ದಲಿತ ಕುಟುಂಬಗಳು ಇಲ್ಲಿ ನೆಲೆಸಿದವು. ಮನೆ, ನೀರು, ಆಸ್ಪತ್ರೆ ಎಲ್ಲವೂ ಕಂಪನಿಯದೇ. ತಮ್ಮದೆನ್ನುವಂಥದ್ದು ಒಂದಾದರೂ ಅವರಿಗೆ ಬೇಕಿತ್ತು. ಮದ್ರಾಸಿನ ಅಯೋತಿದಾಸ ಪಂಡಿತರು 1898ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್ ಜೊತೆ ಸಿಂಹಳಕ್ಕೆ ಹೋಗಿ, ಬೌದ್ಧರಾಗಿ ಮರಳಿ ಕಟ್ಟಿದ ಶಾಕ್ಯ ಬೌದ್ಧ ಸಂಘ ಗಣಿ ಸೀಮೆಯ ಮಾರಿಕುಪ್ಪಂನಲ್ಲೂ ಬೇರೂರಿತು. ಅವರು 1907ರಲ್ಲಿ ಆರಂಭಿಸಿದ್ದ 'ತಮಿಳನ್' ವಾರಪತ್ರಿಕೆ 1920ರ ದಶಕದಲ್ಲಿ ಕೆ.ಜಿ.ಎಫ್‌ನಿಂದಲೇ ಹೊರಡತೊಡಗಿತು. ನೆಲದಾಳದಲ್ಲಿ ಕಲ್ಲು ಒಡೆಯುವವರು ಪತ್ರಿಕೆಯೊಂದನ್ನು ಸಾಕಿದ್ದು ಸಣ್ಣ ಮಾತಲ್ಲ.

1930ರಲ್ಲಿ ಬೆರಳಚ್ಚು ನೋಂದಣಿಯನ್ನು ವಿರೋಧಿಸಿ ಕಾರ್ಮಿಕರು 21 ದಿನ ಗಣಿಗೆ ಇಳಿಯಲಿಲ್ಲ. ಕಾರ್ಮಿಕ ಯೂನಿಯನ್‌ಗೆ ಮೈಸೂರು ಸಂಸ್ಥಾನದ ಕಾನೂನು ಮಾನ್ಯತೆ ಕೊಟ್ಟದ್ದು ಮುಂದಿನ ದಶಕದಲ್ಲಿ. ಅದೇ 1930ರಲ್ಲಿ ಪಕ್ಕದ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿ ಪ್ರಜಾಪಕ್ಷ ಎಂಬ ರಾಜಕೀಯ ಪಕ್ಷ ಕಟ್ಟುವಲ್ಲಿ ಮುಂದಾದರು. 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು.

ಈ ಸೀಮೆಯಿಂದ ದೇಶವನ್ನೆಲ್ಲ ಮುಟ್ಟಿದ ಸಂಘಟನೆ ಎಂದರೆ ಸಫಾಯಿ ಕರ್ಮಚಾರಿ ಆಂದೋಲನ. ಗಣಿ ಕಾಲೊನಿಗಳ ಒಣ ಪಾಯಿಖಾನೆಗಳನ್ನು ಕೈಯಿಂದ ಬಳಿಯುತ್ತಿದ್ದವರ ಮನೆಯಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್, ಗುಂಡಿಗೆ ಬಿದ್ದ ಬಕೆಟ್ಟನ್ನು ಕೆಲಸಗಾರರು ಕೈಹಾಕಿ ತೆಗೆಯುವುದನ್ನು ಕಂಡು ನಡುಗಿದವರು. 1986ರಿಂದ ಅಧಿಕಾರಿಗಳಿಗೆ, ಮಂತ್ರಿಗಳಿಗೆ ಪತ್ರ ಬರೆದರು. ಪಾಯಿಖಾನೆಗಳ ಫೋಟೊಗಳು ಪತ್ರಿಕೆಯಲ್ಲಿ ಬಂದ ಮೇಲೆ ಅವನ್ನು ಬದಲಿಸುವ ಕೆಲಸ ನಡೆಯಿತು. ಮಲ ಹೊರಿಸುವುದನ್ನು 1993ರ ಕಾಯಿದೆ ನಿಷೇಧಿಸಿತ್ತು, ಆದರೆ ನಿಂತಿರಲಿಲ್ಲ. ಐಎಎಸ್ ಅಧಿಕಾರಿಯಾಗಿದ್ದ ಎಸ್.ಆರ್. ಶಂಕರನ್ ಅವರ ಜೊತೆಯಲ್ಲಿ ಬೆಳೆದ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 1993ರಿಂದ ಚರಂಡಿಯಲ್ಲಿ ಸತ್ತವರ ಪ್ರತಿ ಕುಟುಂಬಕ್ಕೂ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರ ಮಾರ್ಚ್ 27ರಂದು ತೀರ್ಪು ಬಂತು. ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಕಾರ್ಮಿಕ ಸಂಘಗಳು ಅದನ್ನು ಪ್ರಶ್ನಿಸಿ ಕೋರ್ಟಿನ ಮೆಟ್ಟಿಲೇರಿದವು. ಗಣಿ ಕಾರ್ಮಿಕರ ಮಕ್ಕಳು ಈಗ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ದಿನಗೂಲಿಗೂ ನೌಕರಿಗೂ ಹೋಗಿಬರುತ್ತಾರೆ.