ಕುದುರೆ ಸಾಕಣೆ ಮತ್ತು ಮಾರಾಟ: ನ್ಯಾಯಯುತ ಬೆಲೆ ನಿಗದಿಪಡಿಸುವ ಬಗ್ಗೆ ಮಾಹಿತಿ

ಕುದುರೆಗಳಿಗೆ ಸರ್ಕಾರವು ಬೆಂಬಲ ಬೆಲೆಯನ್ನಾಗಲಿ ಗರಿಷ್ಠ ಬೆಲೆಯನ್ನಾಗಲಿ ನಿಗದಿಪಡಿಸುವುದಿಲ್ಲ. ಬೆಲೆಯು ಮಾರುವವರ ಹಾಗೂ ಕೊಳ್ಳುವವರ ಒಪ್ಪಂದಕ್ಕೆ ಬಿಟ್ಟ ವಿಷಯವಾಗಿರುತ್ತದೆ. ಸಾಕಣೆದಾರರು ತಗುಲಿದ ವೆಚ್ಚವನ್ನು ಅರಿಯದೆ ನಷ್ಟಕ್ಕೆ ಮಾರುವುದನ್ನೂ, ಜಟಕಾ ಅಥವಾ ಸವಾರಿಯಿಂದ ಜೀವನ ಸಾಗಿಸುವವರು ದೋಷವುಳ್ಳ ಕುದುರೆಗೆ ಹೆಚ್ಚು ಹಣ ತೆರುವುದನ್ನೂ ತಪ್ಪಿಸಲು ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಸಾಕಣೆ ವೆಚ್ಚ
ಹೆಣ್ಣು ಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು. ಮರಿಗೆ ಸಾಮಾನ್ಯವಾಗಿ 5ರಿಂದ 6 ತಿಂಗಳಲ್ಲಿ ಹಾಲು ಬಿಡಿಸಲಾಗುತ್ತದೆ. ಈ ಅವಧಿಯ ಮೇವು, ಹುರುಳಿ, ಲಾಳ, ಲಸಿಕೆ, ಜಂತುನಾಶಕ, ಕೂಲಿ ಹಾಗೂ ಗಂಡು ಕುದುರೆಗೆ ಹಾಯಿಸಿದ ಶುಲ್ಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಎಲ್ಲ ಹೆಣ್ಣು ಕುದುರೆಗಳೂ ಪ್ರತಿ ವರ್ಷ ಗರ್ಭ ಧರಿಸುವುದಿಲ್ಲ. ನಾಲ್ಕರ ಪೈಕಿ ಮೂರು ಮಾತ್ರ ಮರಿ ಹಾಕಿದಲ್ಲಿ, ನಾಲ್ಕರ ವೆಚ್ಚವನ್ನೂ ಮೂರು ಮರಿಗಳ ಮೇಲೆ ಹಂಚತಕ್ಕದ್ದು. ಹೀಗೆ ಬರುವ ಮೊತ್ತಕ್ಕೆ, ಹಾಲು ಬಿಡಿಸಿದ ನಂತರ ಮಾರುವವರೆಗೆ ಮರಿಗೆ ತಗುಲಿದ ವೆಚ್ಚವನ್ನು ಸೇರಿಸಿದರೆ ದೊರೆಯುವುದೇ ಕನಿಷ್ಠ ಬೆಲೆ.

2. ಬೆಲೆಯನ್ನು ಏರಿಳಿಸುವ ಅಂಶಗಳು
ಅ) ವಯಸ್ಸು: ಹಾಲು ಬಾಚಿಹಲ್ಲುಗಳು ಸುಮಾರು ಎರಡೂವರೆ, ಮೂರೂವರೆ ಮತ್ತು ನಾಲ್ಕೂವರೆ ವರ್ಷಗಳಲ್ಲಿ ಜೊತೆ ಜೊತೆಯಾಗಿ ಬದಲಾಗುತ್ತವೆ. 5 ವರ್ಷದ ನಂತರ ಹಲ್ಲಿನ ಸವೆತದಿಂದ ಅಂದಾಜು ಮಾತ್ರ ಸಾಧ್ಯ.
ಆ) ತಳಿ: ಮಾರ್ವಾಡಿ, ಕಾಠಿಯಾವಾಡಿ ಮುಂತಾದ ತಳಿಯೆಂದು ಹೇಳಿದಲ್ಲಿ ವಂಶಾವಳಿಯ ದಾಖಲೆಯನ್ನು ಕೇಳತಕ್ಕದ್ದು.
ಇ) ಕಾಲು ಮತ್ತು ಗೊರಸು: ಕುಂಟುತನವನ್ನು ಗಟ್ಟಿ ನೆಲದ ಮೇಲೆ ನಡೆಸಿ, ಓಡಿಸಿ ಪರೀಕ್ಷಿಸುವುದು.
ಈ) ಸುಳಿ: ಸುಳಿಗಳನ್ನು ನೋಡಿ ಬೆಲೆ ಕಟ್ಟುವ ರೂಢಿಯಿದೆ. ಸುಳಿಗೂ ಕುದುರೆಯ ಆರೋಗ್ಯ ಅಥವಾ ದುಡಿಮೆಯ ಶಕ್ತಿಗೂ ಸಂಬಂಧವಿಲ್ಲ.

3. ಆರೋಗ್ಯ ತಪಾಸಣೆ
ಗ್ಲ್ಯಾಂಡರ್ಸ್ ರೋಗವು ಕುದುರೆಯಿಂದ ಮನುಷ್ಯರಿಗೂ ಹರಡುತ್ತದೆ. ಇದಕ್ಕೆ ಲಸಿಕೆ ಇರುವುದಿಲ್ಲ. ರೋಗ ದೃಢಪಟ್ಟ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸಲಾಗುವುದರಿಂದ, ಪರೀಕ್ಷೆಯಿಲ್ಲದೆ ಅಗ್ಗಕ್ಕೆ ಕೊಂಡವರು ಕೊಟ್ಟ ಹಣವನ್ನೂ ದುಡಿಮೆಯನ್ನೂ ಕಳೆದುಕೊಳ್ಳುವ ಸಂಭವವಿರುತ್ತದೆ. ಹಣ ಪಾವತಿಸುವ ಮುನ್ನ ಪಶುವೈದ್ಯರ ಮೂಲಕ ರಕ್ತ ಪರೀಕ್ಷೆ ಮಾಡಿಸತಕ್ಕದ್ದು. ರೋಗದ ಶಂಕೆಯಿದ್ದಲ್ಲಿ ಮಾಲೀಕರು ಕುದುರೆಯನ್ನು ಪ್ರತ್ಯೇಕಿಸಿ, 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಅಧಿನಿಯಮದಂತೆ ವರದಿ ಮಾಡುವುದು ಕಡ್ಡಾಯ.

4. ಕಾನೂನಿನ ಅಂಶಗಳು
1930ರ ಸರಕು ಮಾರಾಟ ಅಧಿನಿಯಮವು ಕುದುರೆ ಮಾರಾಟಕ್ಕೂ ಅನ್ವಯಿಸುತ್ತದೆ. ಗುಣಮಟ್ಟವನ್ನು ಪರಿಶೀಲಿಸುವ ಹೊಣೆ ಸಾಮಾನ್ಯವಾಗಿ ಕೊಳ್ಳುವವರದು. ಆದುದರಿಂದ ಮಾರುವವರು ನೀಡುವ ಭರವಸೆಗಳನ್ನು ಲಿಖಿತವಾಗಿ ಪಡೆಯುವುದು ಸೂಕ್ತ. ಹರಾಜಿನಲ್ಲಿ ಬೆಲೆ ಏರಿಸಲು ಮಾರುವವರು ಹುಸಿ ಕೂಗು ಹಾಕಿಸಿದ್ದಲ್ಲಿ, ಕೊಂಡವರು ಮಾರಾಟವನ್ನು ರದ್ದುಪಡಿಸಬಹುದು. ರಶೀದಿಯಲ್ಲಿ ಬಣ್ಣ, ಗುರುತು, ಲಿಂಗ, ವಯಸ್ಸು, ಎತ್ತರ, ತಿಳಿದಿರುವ ದೋಷಗಳು ಮತ್ತು ಬೆಲೆಯನ್ನು ನಮೂದಿಸತಕ್ಕದ್ದು.

ಕೊಂಡ ಕುದುರೆಯನ್ನು ವಾಹನದಲ್ಲಿ ಸಾಗಿಸಲು 1978ರ ಪ್ರಾಣಿಗಳ ಸಾಗಾಣಿಕೆ ನಿಯಮಗಳನ್ವಯ ಪಶುವೈದ್ಯರ ಪ್ರಮಾಣಪತ್ರ ಅವಶ್ಯಕ. ತಪಾಸಣೆ ಹಾಗೂ ಪ್ರಮಾಣಪತ್ರಕ್ಕಾಗಿ ಸಾರ್ವಜನಿಕರು ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸುವುದು.