ಮೊಕದ್ದಮೆ ಗೆದ್ದಿತು, ಸೀಟು ಸಿಗಲಿಲ್ಲ

ಮೀರತ್‌ನ ಮೋಹಿನಿ ಜೈನ್ 1991ರಲ್ಲಿ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಎಂಬಿಬಿಎಸ್ ಸೀಟು ಬಯಸಿದರು. ಕೇಳಿದ ಶುಲ್ಕ ಮೊದಲ ವರ್ಷಕ್ಕೆ 60,000 ರೂಪಾಯಿ. ಉಳಿದ ವರ್ಷಗಳಿಗೆ ಬ್ಯಾಂಕ್ ಗ್ಯಾರಂಟಿ. ಅದು ಕುಟುಂಬದ ಶಕ್ತಿ ಮೀರಿದ್ದು. ಪ್ರವೇಶ ತಪ್ಪಿತು; ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು.

ಕ್ಯಾಪಿಟೇಷನ್ ಶುಲ್ಕವನ್ನು ಕರ್ನಾಟಕ 1984ರ ಕಾಯ್ದೆಯಲ್ಲೇ ನಿಷೇಧಿಸಿತ್ತು. ಆದರೆ 1989ರ ಜೂನ್ 5ರ ಸರ್ಕಾರಿ ಅಧಿಸೂಚನೆಯೇ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಮೂರು ವಾರ್ಷಿಕ ದರ ಗೊತ್ತುಪಡಿಸಿತ್ತು: ಸರ್ಕಾರಿ ಸೀಟಿಗೆ 2,000, ರಾಜ್ಯದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿವರೆಗೆ.

1992ರ ಜುಲೈ 30ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ ಅವರ ಪೀಠ ತೀರ್ಪಿತ್ತಿತು. ಬದುಕುವ ಹಕ್ಕಿನಲ್ಲೇ ಶಿಕ್ಷಣದ ಹಕ್ಕೂ ಅಡಗಿದೆ. 60,000ದ ದರ ಬೇರೆ ಹೆಸರಿನ ಕ್ಯಾಪಿಟೇಷನ್ ಶುಲ್ಕವೇ ಎಂದಿತು. ಆದರೆ ಅರ್ಜಿದಾರರಿಗೆ ಸೀಟು ಕೊಡಿಸಲಿಲ್ಲ. ಅವರ ಆಯ್ಕೆ ಅರ್ಹತೆಯ ಪಟ್ಟಿಯಿಂದ ಆದದ್ದಲ್ಲ. ತರಗತಿಗಳೂ ಹಿಂದಿನ ವರ್ಷವೇ ಶುರುವಾಗಿದ್ದವು.

1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಉಚಿತ ಶಿಕ್ಷಣದ ಹಕ್ಕನ್ನು 14 ವರ್ಷದವರೆಗೆ ಮಿತಿಗೊಳಿಸಿತು. ಸಂವಿಧಾನದ 86ನೇ ತಿದ್ದುಪಡಿ (2002) ಅದಕ್ಕೆ 21ಎ ವಿಧಿಯ ರೂಪ ಕೊಟ್ಟಿತು. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆಯೊಡನೆ ಅದು ಜಾರಿಗೆ ಬಂತು.

ವೈದ್ಯಕೀಯ ಸೀಟಿನ ಮೊಕದ್ದಮೆಯಲ್ಲಿ ಹುಟ್ಟಿದ ಮಾತು ಕೊನೆಗೆ ಕೈಹಿಡಿದದ್ದು ಒಂದನೇ ತರಗತಿಯ ಮಗುವನ್ನು.